ಎತ್ತಿನ ಗಾಡಿಗೆ ಬೇಡವಾಗಿದ್ದ ಬ್ಯಾಲೆನ್ಸಿಂಗ್ ಪಿಕಪ್‌ಗೆ ಯಾಕೆ ಬೇಕಾಯ್ತು?

ನಮ್ಮ ಸುತ್ತಿನ ಊರುಗಳಲ್ಲಿ ಈಗ ಬೀದಿಗೊಂದು ಪಿಕಪ್ ಆಗಿದೆ. ಸಂಜೆ ತರಕಾರಿ ತುಂಬಿ, ರಾತ್ರಿ ಹೈವೇ ಹಿಡಿದು, ಬೆಳಗಿನ ಜಾವಕ್ಕೆ ಮಾರ್ಕೆಟ್ ಮುಟ್ಟಿಸೋ ಗಾಡಿಗಳು. ಇವುಗಳ ಬಗ್ಗೆ ಪದೇ ಪದೇ ಕೇಳಿಬರೋ ದೂರು ಒಂದೇ: "ಎಪ್ಪತ್ತು ದಾಟಿದ್ರೆ ಸಾಕು, ಸ್ಟೇರಿಂಗ್ ನಡುಗುತ್ತೆ." ಟೈರ್ ಅಂಗಡಿಗೆ ಹೋದರೆ "ಬ್ಯಾಲೆನ್ಸಿಂಗ್ ಮಾಡಿಸಿ ಅಣ್ಣ" ಅಂತಾರೆ. ಚಕ್ರ ಬಿಚ್ಚಿ ಯಂತ್ರಕ್ಕೆ ಹಾಕಿ, ರಿಮ್ಮಿಗೆ ಒಂದೆರಡು ಸಣ್ಣ ತುಂಡು ಬಡಿದು, ದುಡ್ಡು ತಗೊಂಡು ಕಳಿಸ್ತಾರೆ. ಕೆಲವೊಮ್ಮೆ ನಡುಕ ಹೋಗುತ್ತೆ. ಕೆಲವೊಮ್ಮೆ ಹೋಗಲ್ಲ.

ಯಾವಾಗ ಹೋಗುತ್ತೆ, ಯಾವಾಗ ಹೋಗಲ್ಲ ಅನ್ನೋದು ಗೊತ್ತಾಗಬೇಕಾದರೆ ಈ ಕೆಲಸ ಎಲ್ಲಿಂದ ಬಂತು ಅಂತ ತಿಳ್ಕೋಬೇಕು. ಇದರ ಇತಿಹಾಸ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತೆ. ಪ್ರತಿ ಕಾಲದ ಸಲಕರಣೆಯೂ ಚಕ್ರಕ್ಕೆ ಒಂದೇ ಒಂದು ಪ್ರಶ್ನೆ ಕೇಳುತ್ತೆ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡಲ್ಲ. ಇಷ್ಟು ಗೊತ್ತಿದ್ದರೆ ಮನೆ ಅಂಗಳದಲ್ಲಿ ಏನು ಮಾಡಬಹುದು, ಯಾವುದಕ್ಕೆ ದುಡ್ಡು ಕೊಡಬೇಕು ಅನ್ನೋದು ತಾನಾಗಿ ತಿಳಿಯುತ್ತೆ.

ಮೊದಲು ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ಮರದ ಚಕ್ರ ಕೈಯಿಂದ ಮಾಡಿದ್ದು. ಒಂದು ಕಡೆ ಮರ ಸ್ವಲ್ಪ ದಪ್ಪ, ಇನ್ನೊಂದು ಕಡೆ ಗಂಟು. ಮೇಲೆ ಕಾಯಿಸಿ ಹಾಕಿದ ಕಬ್ಬಿಣದ ಪಟ್ಟಿಗೆ ಬೆಸುಗೆಯ ಜಾಗದಲ್ಲಿ ಭಾರ ಹೆಚ್ಚು. ಅಂಥ ಚಕ್ರದಲ್ಲಿ ಒಂದು ಕಡೆ ಕಾಲು ಕೆಜಿ ಹೆಚ್ಚಿದ್ದರೂ ಆಶ್ಚರ್ಯ ಇಲ್ಲ. ಆದರೂ ಯಾವ ಬಡಗಿಯೂ ಅದನ್ನು ತೂಗಿ ಸರಿ ಮಾಡಲಿಲ್ಲ. ಚಕ್ರ ದುಂಡಗಿದೆಯಾ, ಅಚ್ಚಿಗೆ ಸರಿಯಾಗಿ ಕೂತಿದೆಯಾ ಅಂತ ನೋಡಿದರು, ಕೀಲೆಣ್ಣೆ ಹಾಕಿದರು, ಮುಗೀತು. ಅವರ ಲೆಕ್ಕ ಸರಿಯಾಗೇ ಇತ್ತು.

ಯಾಕೆ ಅಂದ್ರೆ, ತಿರುಗುವ ಚಕ್ರದಲ್ಲಿ ಒಂದು ಕಡೆ ಹೆಚ್ಚಿರೋ ಭಾರ ಹೊರಗೆ ಎಳೆಯೋ ಬಲ ವೇಗದ ವರ್ಗದಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ವೇಗ ಹತ್ತು ಪಟ್ಟಾದರೆ ಬಲ ನೂರು ಪಟ್ಟು. ಪಿಕಪ್ ಅಳತೆಯ ಚಕ್ರದ ರಿಮ್ಮಿನಲ್ಲಿ ಬರೀ 30 ಗ್ರಾಂ ಹೆಚ್ಚಿದೆ ಅಂತಿಟ್ಕೊಳ್ಳಿ. 100 ಕಿ.ಮೀ. ವೇಗದಲ್ಲಿ ಅದು ಹತ್ತಿರ ಹತ್ತಿರ 4–5 ಕೆಜಿ ಬಲದಿಂದ, ಸೆಕೆಂಡಿಗೆ 14–15 ಸಲ, ಅಚ್ಚನ್ನು ಮೇಲೆ ಕೆಳಗೆ ಎಳೆಯುತ್ತೆ. 50ರ ವೇಗದಲ್ಲಿ ಅದೇ 30 ಗ್ರಾಂ ಎಳೆಯೋದು ಒಂದು ಕೆಜಿ ಚಿಲ್ಲರೆ. ಎತ್ತಿನ ನಡಿಗೆಯ 4 ಕಿ.ಮೀ. ವೇಗದಲ್ಲಿ ಬರೀ 7–8 ಗ್ರಾಂ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯದ ತೂಕ. ನಮ್ಮ ಟೈರ್ ಗಾಡಿಗಳು ಟನ್ನುಗಟ್ಟಲೆ ಕಬ್ಬು ಹೊತ್ತರೂ ಬ್ಯಾಲೆನ್ಸಿಂಗ್ ಕೇಳದೇ ಇರೋದಕ್ಕೆ ಇದೇ ಕಾರಣ. ಬ್ಯಾಲೆನ್ಸಿಂಗ್ ಅನ್ನೋದು ಮುಖ್ಯವಾಗಿ ವೇಗದ ಲೆಕ್ಕ.

ಈ ವೇಗದ ತೊಂದರೆ ದೊಡ್ಡದಾಗಿ ಕಾಣಿಸಿದ್ದು ರೈಲಿನಲ್ಲಿ, 19ನೇ ಶತಮಾನದಲ್ಲಿ. ಉಗಿ ಎಂಜಿನ್ನಿನ ದೊಡ್ಡ ಚಕ್ರಕ್ಕೆ ಉದ್ದದ ಕಬ್ಬಿಣದ ತೋಳುಗಳು ಜೋಡಿಸಿರುತ್ತವೆ. ಆ ಭಾರಕ್ಕೆ ಎದುರಾಗಿ ಚಕ್ರದ ಇನ್ನೊಂದು ಬದಿಗೆ ಅರ್ಧಚಂದ್ರದ ಆಕಾರದ ಗಟ್ಟಿ ಕಬ್ಬಿಣ ಸೇರಿಸ್ತಿದ್ದರು. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದಾಗ ಅಲ್ಲಿರೋ ಉಗಿ ಎಂಜಿನ್‌ಗಳ ಚಕ್ರಗಳನ್ನು ಗಮನಿಸಿ ನೋಡಿ. ಆದರೆ ಮುಂದಕ್ಕೂ ಹಿಂದಕ್ಕೂ ಓಡಾಡುವ ಭಾಗವನ್ನು ಸುತ್ತುವ ಭಾರದಿಂದ ಪೂರ್ತಿ ಸರಿದೂಗಿಸೋಕೆ ಆಗಲ್ಲ. ಹಾಗೆ ಹೆಚ್ಚುವರಿ ಹಾಕಿದ ಭಾರ ವೇಗ ಏರಿದಾಗ ಹಳಿಯನ್ನೇ ಸುತ್ತಿಗೆಯ ಹಾಗೆ ಕುಟ್ಟುತ್ತಿತ್ತು. ಒಂದು ನಡುಕ ನಿಲ್ಲಿಸೋಕೆ ಹೋಗಿ ಇನ್ನೊಂದನ್ನು ತಂದುಕೊಂಡ ಹಾಗಾಯ್ತು. ಈ ಪಾಠ ಮುಂದೆ ಚಕ್ರದಲ್ಲೂ ಬರುತ್ತೆ, ನೆನಪಿಟ್ಟುಕೊಳ್ಳಿ.

ಎರಡನೇ ತೊಂದರೆ ಬಂದಿದ್ದು ಹಾಲಿನಿಂದ! ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ 1878ರಲ್ಲಿ ಹಾಲಿನಿಂದ ಕೆನೆ ಬೇರ್ಪಡಿಸೋ ಯಂತ್ರ ಮಾಡಿದ. ಪಾತ್ರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಆಮೇಲೆ ಅವನೇ ಮಾಡಿದ ಉಗಿ ಟರ್ಬೈನು ನಿಮಿಷಕ್ಕೆ 30,000 ಸುತ್ತಿನವರೆಗೆ ತಿರುಗುತ್ತಿತ್ತು. ಆ ವೇಗದಲ್ಲಿ ಕೂದಲೆಳೆಯಷ್ಟು ಅಸಮತೋಲವೂ ದಪ್ಪ ಶಾಫ್ಟನ್ನು ಕುಲುಕಿ ಹಾಕುತ್ತೆ. ಅವನು ತೆಳ್ಳನೆಯ, ಬಳುಕೋ ಶಾಫ್ಟು ಹಾಕಿದ. ಒಂದು ವೇಗ ದಾಟಿದ ಮೇಲೆ ಚಕ್ರ ತನ್ನ ಭಾರದ ನಡುವನ್ನು ತಾನೇ ಹುಡುಕಿಕೊಂಡು ನಯವಾಗಿ ತಿರುಗೋಕೆ ಶುರು ಮಾಡಿತು. ಪಿಕಪ್‌ನಲ್ಲೂ ನಡುಕ ಒಂದು ವೇಗದಲ್ಲಿ ಜೋರಾಗಿ, ಅದನ್ನು ದಾಟಿದ ಮೇಲೆ ಸ್ವಲ್ಪ ಕಡಿಮೆಯಾದ ಹಾಗೆ ಅನ್ನಿಸೋದು ಇದೇ ಜಾತಿಯ ವಿಷಯ. ಚಕ್ರ, ಸ್ಪ್ರಿಂಗು, ಅಚ್ಚು ಸೇರಿ ಅವಕ್ಕೊಂದು ಸ್ವಂತ ತೂಗಾಟ ಇರುತ್ತೆ. ಸುತ್ತುವ ವೇಗ ಅದಕ್ಕೆ ತಾಳೆಯಾದ ಕೂಡಲೇ ನಡುಕ ಏರುತ್ತೆ.

ಇನ್ನು ಟೈರಿನ ಕಥೆ. ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಅದು ನಡೀಲಿಲ್ಲ, ಜನ ಮರೆತೇಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಮತ್ತೆ ಅದನ್ನೇ ಕಂಡುಹಿಡಿದು ಪೇಟೆಂಟ್ ಪಡೆದ. ಅವನು ಎಂಜಿನಿಯರ್ ಅಲ್ಲ, ದನಕರು ನೋಡೋ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ಲು ಕುಲುಕದೆ ಓಡಲಿ ಅಂತ ಮಾಡಿದ್ದು ಜಗತ್ತಿಗೇ ಬೇಕಾಯ್ತು. ಆದರೆ ರಬ್ಬರು, ಬಟ್ಟೆಯ ಪದರ, ತಂತಿ ಸೇರಿಸಿ ಅಚ್ಚಿನಲ್ಲಿ ಬೇಯಿಸೋ ವಸ್ತು ಸುತ್ತಲೂ ಒಂದೇ ತೂಕ ಇರೋದು ಕಷ್ಟ. ಪದರಗಳು ಕೂಡೋ ಜಾಗದಲ್ಲಿ ಭಾರ ಹೆಚ್ಚು. ರಿಮ್ಮಿನಲ್ಲಿ ವಾಲ್ವಿನ ಜಾಗ ಬೇರೆ. ಎರಡೂ ಸೇರಿದಾಗ ಅಸಮತೋಲ ಇದ್ದೇ ಇರುತ್ತೆ. ಹಾಗಾಗಿ ಹೊಸ ಟೈರಿಗೂ ಬ್ಯಾಲೆನ್ಸಿಂಗ್ ಬೇಕು.

1920ರ ದಶಕದಲ್ಲಿ ಮೂರು ಬದಲಾವಣೆ ಒಟ್ಟಿಗೇ ಬಂದವು. ರಸ್ತೆ ಸುಧಾರಿಸಿ ವೇಗ ಏರಿತು. ಮುಂದಿನ ಚಕ್ರಕ್ಕೂ ಬ್ರೇಕ್ ಬಂತು, ಅಚ್ಚಿನ ತುದಿಯ ಭಾರ ಹೆಚ್ಚಾಯ್ತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಕಡಿಮೆ ಗಾಳಿಯ ದಪ್ಪ ಬಲೂನ್ ಟೈರು ತಂದಿತು. ಕೂತವರಿಗೆ ಮೆತ್ತಗಾಯ್ತು, ಆದರೆ ಮುಂದಿನ ಎರಡು ಚಕ್ರಗಳು ಎಡಬಲ ಬಡಿದಾಡೋಕೆ ಶುರು ಮಾಡಿದವು. ಸ್ಟೇರಿಂಗ್ ಹಿಡಿದ ಕೈ ಹಿಡಿತ ತಪ್ಪೋಷ್ಟು ಜೋರು. ಆಗಿನ ಕಾರುಗಳಲ್ಲಿ ಮುಂದಿನ ಎರಡೂ ಚಕ್ರ ಒಂದೇ ಗಟ್ಟಿ ಅಚ್ಚಿನ ಮೇಲಿದ್ದವು, ಒಂದು ಕುಣಿದರೆ ಇನ್ನೊಂದನ್ನೂ ಕುಣಿಸ್ತಿತ್ತು. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ವಿಭಾಗಕ್ಕೆ ಬಂದ ಎಂಜಿನಿಯರ್ ಮಾರಿಸ್ ಆಲಿ ಇದರ ಹಿಂದೆ ಬಿದ್ದ. 1934ರ ಕಾರುಗಳಲ್ಲಿ ಆ ಕಂಪನಿ ಮುಂದಿನ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಸ್ಪ್ರಿಂಗು ಕೊಟ್ಟಿತು. ಕುಣಿತ ತುಂಬಾ ಕಡಿಮೆಯಾಯ್ತು. ನಡುಕಕ್ಕೆ ಚಕ್ರದ ಭಾರ ಒಂದೇ ಕಾರಣ ಅಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು. ನಾವು ಇವತ್ತೂ ಇದನ್ನು ಮರೀತೀವಿ.

ಈಗ ಸಲಕರಣೆಗೆ ಬರೋಣ. ಅಸಮತೋಲದಲ್ಲಿ ಎರಡು ಜಾತಿ.

ಮೊದಲನೇದು ಒಂದು ಕಡೆ ಭಾರ. ಚಕ್ರವನ್ನು ಸಲೀಸಾಗಿ ತಿರುಗೋ ಹಾಗೆ ನೇತುಹಾಕಿದರೆ ಭಾರದ ಕಡೆ ತಾನೇ ಕೆಳಗೆ ಬಂದು ನಿಲ್ಲುತ್ತೆ. ಹಳೇ ಸೈಕಲ್ ಅಂಗಡಿಯ ಹುಡುಗನಿಗೂ ಇದು ಗೊತ್ತು. ಎರಡನೇದು ಓರೆ ಭಾರ. ಚಕ್ರದ ಒಳಮೈಯಲ್ಲಿ ಮೇಲ್ಗಡೆ 30 ಗ್ರಾಂ, ಹೊರಮೈಯಲ್ಲಿ ಕೆಳಗಡೆ 30 ಗ್ರಾಂ ಇದೆ ಅಂತಿಟ್ಕೊಳ್ಳಿ. ನೇತುಹಾಕಿದರೆ ಎಲ್ಲಿ ಬೇಕಾದರೂ ನಿಲ್ಲುತ್ತೆ, ತಪ್ಪೇ ಇಲ್ಲ ಅನ್ನಿಸುತ್ತೆ. ತಿರುಗಿಸಿದಾಗ ಮಾತ್ರ ಎರಡು ಭಾರಗಳು ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಚುತ್ತವೆ. ಸ್ಟೇರಿಂಗ್ ಅಲ್ಲಾಡೋದು ಹೆಚ್ಚಾಗಿ ಇದರಿಂದ. ನಿಂತ ಚಕ್ರ ಈ ಗುಟ್ಟು ಬಿಟ್ಟುಕೊಡಲ್ಲ, ತಿರುಗಿಸಿಯೇ ನೋಡಬೇಕು. ಹಾಗೆ ತಿರುಗಿಸಿ ಅಳೆಯೋ ಒಂದು ಒಳ್ಳೇ ವಿಧಾನವನ್ನು 1907ರಲ್ಲಿ ಜರ್ಮನಿಯ ಫ್ರಾಂಜ್ ಲಾವಾಚೆಕ್ ರೂಪಿಸಿದ. ಮರುವರ್ಷ ಡಾರ್ಮ್‌ಸ್ಟಾಟ್ ಊರಿನ ಕಾರ್ಲ್ ಶೆಂಕ್ ಕಂಪನಿ ಅಂಥ ಯಂತ್ರ ಕಟ್ಟಿತು. ಅದು ಕಾರ್ಖಾನೆಗೆ, ಟರ್ಬೈನಿಗೆ. ಹಳ್ಳಿ ಗ್ಯಾರೇಜಿಗೆ ಅಲ್ಲ.

ಗ್ಯಾರೇಜಿಗೆ ಬಂದಿದ್ದು ಗುಳ್ಳೆ ಬ್ಯಾಲೆನ್ಸರು. ಗಾರೆ ಕೆಲಸದವರ ರಸಮಟ್ಟ ನೋಡಿದ್ದೀರಲ್ಲ, ಅದರದೇ ತಮ್ಮ. ಒಂದು ಕಂಬ, ಅದರ ಮೊನೆಯ ಮೇಲೆ ಓಲಾಡೋ ಶಂಕು, ನಡುವೆ ದುಂಡಗಿನ ರಸಮಟ್ಟ. ಚಕ್ರವನ್ನು ಮಲಗಿಸಿ ಶಂಕುವಿನ ಮೇಲೆ ಕೂರಿಸಬೇಕು. ಭಾರದ ಕಡೆ ಕೆಳಗೆ ವಾಲುತ್ತೆ, ಗುಳ್ಳೆ ಹಗುರದ ಕಡೆಗೆ ಓಡುತ್ತೆ. ಗುಳ್ಳೆ ತೋರಿಸಿದ ಕಡೆ ರಿಮ್ಮಿನ ಮೇಲೆ ತುಂಡುಗಳನ್ನು ಇಡುತ್ತಾ ಹೋಗಬೇಕು. ಗುಳ್ಳೆ ನಡುವಿಗೆ ಬಂದರೆ ತೂಕ ಸಿಕ್ಕಿತು. ಕರೆಂಟು ಬೇಡ, ಮೋಟರು ಬೇಡ, ಒಬ್ಬನೇ ಎತ್ತಿಕೊಂಡು ಹೋಗಬಹುದು.

ಇದನ್ನು ಬಳಸಿದ ಜಾಣ ಮೆಕ್ಯಾನಿಕ್‌ಗಳು ಎರಡು ನಿಯಮ ಇಟ್ಟುಕೊಂಡಿದ್ದರು. ಒಂದು, ಸಿಕ್ಕ ತೂಕವನ್ನೆಲ್ಲ ಒಂದೇ ಮೈಗೆ ಬಡಿಯಬಾರದು. ಅರ್ಧ ಹೊರಮೈಗೆ, ಅರ್ಧ ಒಳಮೈಗೆ. ಇಲ್ಲದಿದ್ದರೆ ಒಂದು ಕಡೆಯ ಭಾರ ಸರಿ ಮಾಡೋಕೆ ಹೋಗಿ ಓರೆ ಭಾರ ತಂದುಕೊಳ್ಳಬಹುದು, ಆ ರೈಲಿನ ಪಾಠದ ಹಾಗೆ. ಎರಡು, ಚಕ್ರವನ್ನು ಶಂಕುವಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಗುಳ್ಳೆ ಚಕ್ರದ ಜೊತೆ ಹೋದರೆ ತಪ್ಪು ಚಕ್ರದಲ್ಲಿದೆ. ಮೊದಲಿದ್ದ ಕಡೆಯೇ ನಿಂತರೆ ತಪ್ಪು ಸಲಕರಣೆಯಲ್ಲಿದೆ. ಅಳೆಯೋ ವಸ್ತುವನ್ನೇ ಮೊದಲು ಅಳೆದು ನೋಡೋ ಈ ಬುದ್ಧಿ ನಮ್ಮ ತಕ್ಕಡಿಗೂ ಬೇಕು.

ಗುಳ್ಳೆಗೆ ಓರೆ ಭಾರ ಕಾಣಲ್ಲ. ಅದಕ್ಕೆ ಬಂದಿದ್ದು ಚಕ್ರವನ್ನು ಗಾಡಿಯಲ್ಲೇ ಇಟ್ಟು ತಿರುಗಿಸಿ ನೋಡೋ ಸಲಕರಣೆ. ಅಮೆರಿಕದ ಸೇಂಟ್ ಲೂಯಿಸ್‌ನ ಲೀ ಹಂಟರ್ 1946ರಲ್ಲಿ ಕಟ್ಟಿದ ಕಂಪನಿ 1940ರ ದಶಕದ ಕೊನೆಯ ಹೊತ್ತಿಗೆ ಇಂಥದ್ದನ್ನು ಮಾರ್ತಿತ್ತು, ಬೇರೆ ಕಂಪನಿಗಳೂ ತಂದವು. ಇವುಗಳಲ್ಲಿ ಒಂದು ಬಗೆ ಮಿಂಚುದೀಪದ್ದು. ಅಂಥ ದೀಪದಿಂದ ತಿರುಗೋ ವಸ್ತುವನ್ನು ನಿಂತ ಹಾಗೆ ನೋಡೋ ವಿದ್ಯೆಯನ್ನು 1930ರ ದಶಕದಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಂಬ ಅಮೆರಿಕದ ಪ್ರಾಧ್ಯಾಪಕ ಬೆಳೆಸಿದ್ದ.

ಕೆಲಸ ಹೀಗೆ. ಮುಂದಿನ ಚಕ್ರ ಜಾಕ್ ಮೇಲೆ. ಅಚ್ಚಿನ ಕೆಳಗೆ ಅಲುಗಾಟ ಹಿಡಿಯೋ ಒಂದು ತಲೆ. ಟೈರಿನ ಮೇಲೆ ಸೀಮೆಸುಣ್ಣದ ಗೆರೆ. ಕೈಗಾಡಿಯ ಮೇಲಿನ ಮೋಟರು ಟೈರಿಗೆ ಉಜ್ಜಿ ಚಕ್ರವನ್ನು ಜೋರಾಗಿ ತಿರುಗಿಸುತ್ತೆ. ಭಾರ ಬಂದು ಅಚ್ಚನ್ನು ತಳ್ಳಿದಾಗೊಮ್ಮೆ ದೀಪ ಮಿಂಚುತ್ತೆ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಮಿಂಚೋದರಿಂದ ಗೆರೆ ನಿಂತ ಹಾಗೆ ಕಾಣುತ್ತೆ. ಅದು ಗಡಿಯಾರದ ಎಷ್ಟು ಗಂಟೆಯ ಜಾಗದಲ್ಲಿದೆ ಅಂತ ನೆನಪಿಟ್ಟು, ಚಕ್ರ ನಿಲ್ಲಿಸಿ, ಕೈಯಲ್ಲಿ ಅದೇ ಜಾಗಕ್ಕೆ ತಂದು, ಯಂತ್ರ ಹೇಳಿದ ಕಡೆ ತೂಕ ಹಾಕೋದು. ಮತ್ತೆ ತಿರುಗಿಸಿ ನೋಡೋದು. ತಲೆಯನ್ನು ಅಡ್ಡಕ್ಕೆ ಹಿಡಿದರೆ ಎಡಬಲದ ತಿರುಚಾಟವೂ ಸಿಗುತ್ತೆ. ಚಕ್ರದ ಜೊತೆ ಡ್ರಮ್ಮು, ಹಬ್ಬು ಎಲ್ಲವೂ ಸೇರಿ ಬ್ಯಾಲೆನ್ಸ್ ಆಗೋದು ಇದರ ಲಾಭ. ನಷ್ಟ ಏನು ಅಂದ್ರೆ, ಚಕ್ರವನ್ನು ಬಿಚ್ಚಿ ಬೇರೆ ತೂತಿಗೆ ಕೂರಿಸಿದರೆ ಲೆಕ್ಕ ಕೆಟ್ಟಿತು.

ಮಿಂಚುದೀಪವೂ ಇಲ್ಲದೆ, ನಡುಕ ಎಷ್ಟು ಅಂತ ತೋರಿಸೋ ಒಂದು ಮೀಟರಿನಿಂದ ಮಾಡೋ ವಿಧಾನವೂ ಇದೆ. ಗಿರಣಿ, ಫ್ಯಾನು ರಿಪೇರಿಯವರು ಬಳಸ್ತಾರೆ. ಮೊದಲು ಹಾಗೇ ಓಡಿಸಿ ನಡುಕದ ಅಂಕಿ ಬರ್ಕೊಳ್ಳೋದು. ಆಮೇಲೆ ಒಂದೇ ತೂಕದ ತುಂಡನ್ನು ಸುತ್ತಿನ ಮೂರು ಸಮಭಾಗದ ಜಾಗಗಳಲ್ಲಿ ಒಂದೊಂದು ಸಲ ಕಟ್ಟಿ, ಅದೇ ವೇಗದಲ್ಲಿ ಓಡಿಸಿ, ಮೂರು ಅಂಕಿ ಬರ್ಕೊಳ್ಳೋದು. ಕಾಗದದ ಮೇಲೆ ಮೊದಲ ಅಂಕಿಯಷ್ಟು ಅಳತೆಯ ವೃತ್ತ ಎಳೆದು, ಅದರ ಮೇಲೆ ಆ ಮೂರು ಜಾಗ ಗುರುತಿಸಿ, ಒಂದೊಂದರಿಂದ ಅದರದರ ಅಂಕಿಯಷ್ಟು ಕೈವಾರದಲ್ಲಿ ಕಮಾನು ಎಳೆಯಬೇಕು. ಮೂರೂ ಕಮಾನು ಕೂಡೋ ಬಿಂದು ನಡುವಿನಿಂದ ಯಾವ ದಿಕ್ಕಿಗಿದೆಯೋ ಆ ಕಡೆ ತೂಕ ಹಾಕಬೇಕು. ಎಷ್ಟು ಅಂದ್ರೆ, ಕಟ್ಟಿದ ತುಂಡಿನ ತೂಕವನ್ನು ಮೊದಲ ಅಂಕಿಯಿಂದ ಗುಣಿಸಿ, ನಡುವಿನಿಂದ ಬಿಂದುವಿಗಿರೋ ದೂರದಿಂದ ಭಾಗಿಸಬೇಕು. ಹೈಸ್ಕೂಲಿನ ಕೈವಾರ ಸಾಕು.

1970ರ ದಶಕದಿಂದ ಕಂಪ್ಯೂಟರ್ ಇರೋ ಬ್ಯಾಲೆನ್ಸರುಗಳು ಬಂದವು. ನಮ್ಮ ಪೇಟೆಯ ಅಂಗಡಿಗಳಲ್ಲಿ ಇರೋದು ಇವೇ. ಒಂದೇ ಸುತ್ತಾಟದಲ್ಲಿ ಒಳಮೈಗೆಷ್ಟು, ಹೊರಮೈಗೆಷ್ಟು ಅಂತ ಹೇಳುತ್ತವೆ. ತೂಕದ ತುಂಡುಗಳು ಮಾತ್ರ ಬಹಳ ಕಾಲ ಸೀಸದವೇ ಇದ್ದವು. ಕಳಚಿ ರಸ್ತೆಗೆ ಬಿದ್ದು, ಪುಡಿಯಾಗಿ, ಮಣ್ಣು ನೀರು ಸೇರ್ತವೆ ಅಂತ ಯೂರೋಪಿನ ಒಕ್ಕೂಟ 2005ರಿಂದ ಸೀಸದ ತುಂಡು ನಿಲ್ಲಿಸಿತು. ಸತು, ಉಕ್ಕು ಬಂದವು. ನಿಮ್ಮಲ್ಲಿ ಹಳೇ ಸೀಸದ ತುಂಡುಗಳಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ಹೊಲಕ್ಕೆ ಎಸೀಬೇಡಿ, ಒಲೆಯಲ್ಲಿ ಕರಗಿಸಬೇಡಿ.

ಈ ಇತಿಹಾಸದಿಂದ ನಮ್ಮ ಕೆಲಸಕ್ಕೆ ಬರೋದು ಇಷ್ಟು.

1. ಮೊದಲು ಮಣ್ಣು ತೆಗೀರಿ. ಹೊಲದಿಂದ ಬಂದ ಗಾಡಿಯ ರಿಮ್ಮಿನ ಒಳಗೆ ಕೆಸರು ಒಂದು ಕಡೆ ಮೆತ್ತಿ ಒಣಗಿರುತ್ತೆ. 200 ಗ್ರಾಂ ಹೆಂಟೆ 60ರ ವೇಗದಲ್ಲೇ ಹತ್ತು ಕೆಜಿಯಷ್ಟು ಎಳೆಯುತ್ತೆ. ತೊಳೆದರೆ ಅರ್ಧ ದೂರು ಅಲ್ಲೇ ಮುಗೀಬಹುದು. ಮಣ್ಣಿನ ಸಮೇತ ಬ್ಯಾಲೆನ್ಸ್ ಮಾಡಿಸಿದರೆ ಮಣ್ಣು ಉದುರಿದ ದಿನ ಮತ್ತೆ ನಡುಕ. ಒಳಮೈ ತೊಳೆದೇ ಯಂತ್ರಕ್ಕೆ ಹಾಕಿಸಿ.

2. ನಡುಕ ಯಾವಾಗ ಅಂತ ಗಮನಿಸಿ. ಒಂದು ವೇಗಕ್ಕೆ ಬಂದಾಗ ಮಾತ್ರ ಅಂದರೆ ಬ್ಯಾಲೆನ್ಸಿಂಗ್ ಇರಬಹುದು. ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ನಿಧಾನ ಹೋದರೂ ಕುಣಿದರೆ ರಿಮ್ ಬೆಂಡು ಅಥವಾ ಟೈರ್ ಉಬ್ಬು ನೋಡಿ. ಉಬ್ಬಿದ ಟೈರಿಗೆ ತೂಕ ಬಡಿದು ಓಡಿಸೋದು ಜೀವದ ಜೊತೆ ಆಟ. ಬ್ರೇಕ್ ಒತ್ತಿದಾಗ ಮಾತ್ರ ಅಂದರೆ ಡ್ರಮ್ಮು, ಡಿಸ್ಕು. ಒಂದು ಕಡೆ ಎಳೆದರೆ ಗಾಳಿ, ಅಲೈನ್‌ಮೆಂಟು, ಬ್ರೇಕು.

3. ಮನೆಯಲ್ಲಿ ನೋಡೋದಾದರೆ ಎಂಜಿನ್ನಿಗೆ ಸಂಬಂಧ ಇಲ್ಲದ ಚಕ್ರ ಮಾತ್ರ. ಸಮ ನೆಲ, ಉಳಿದ ಚಕ್ರಗಳಿಗೆ ಕಲ್ಲು, ಜಾಕ್ ಜೊತೆಗೆ ಸ್ಟ್ಯಾಂಡು. ಚಕ್ರ ಹಿಡಿದು ಅಲುಗಿಸಿ. ಆಟ ಇದ್ದರೆ ಬೇರಿಂಗು, ಕಿಂಗ್ ಪಿನ್ನು, ಟೈ ರಾಡು ಮೊದಲು ಸರಿಯಾಗಬೇಕು. ಆಮೇಲೆ ಮೆಲ್ಲಗೆ ತಿರುಗಿಸಿ ಬಿಡಿ, ನಿಂತಾಗ ಕೆಳಗಿರೋ ಜಾಗಕ್ಕೆ ಸೀಮೆಸುಣ್ಣ ಹಚ್ಚಿ. ಬೇರೆ ಬೇರೆ ಜಾಗದಿಂದ ಮೂರ್ನಾಲ್ಕು ಸಲ ಬಿಟ್ಟರೂ ಅದೇ ಗುರುತು ಕೆಳಗೆ ಬಂದರೆ ಅಲ್ಲಿ ಭಾರ ಇದೆ. ಬೇರಿಂಗಿನ ಗ್ರೀಸು, ಬ್ರೇಕಿನ ಸವರುವಿಕೆ ಸಣ್ಣ ತಪ್ಪನ್ನು ಮುಚ್ಚಿಹಾಕುತ್ತವೆ. ಹಾಗಾಗಿ ಇದರಲ್ಲಿ ಸಿಗೋದು ದೊಡ್ಡ ತಪ್ಪು ಮಾತ್ರ. ಗುರುತು ಬೇರೆ ಬೇರೆ ಕಡೆ ನಿಂತಿತು ಅಂದ ಮಾತ್ರಕ್ಕೆ ಚಕ್ರ ಸರಿ ಇದೆ ಅಂತ ಅಲ್ಲ.

4. ಎಂಜಿನ್ ಹಾಕಿ ಎತ್ತಿದ ಚಕ್ರ ತಿರುಗಿಸಬೇಡಿ. ಒಂದು ಹಿಂಚಕ್ರ ನೆಲದಲ್ಲಿ, ಇನ್ನೊಂದು ಮೇಲೆ ಇದ್ದರೆ ಡಿಫರೆನ್ಷಿಯಲ್ ದೆಸೆಯಿಂದ ಮೇಲಿನದು ಎರಡು ಪಟ್ಟು ತಿರುಗುತ್ತೆ. ಮೀಟರು 60 ಅಂದರೆ ಚಕ್ರ 120ರಲ್ಲಿ! ಟೈರ್ ಸಿಡಿಯಬಹುದು, ಗಾಡಿ ಜಾಕಿನಿಂದ ಜಾರಬಹುದು.

5. ಪಂಚರ್ ಹಾಕಿಸುವಾಗ ಟೈರಿಗೂ ರಿಮ್ಮಿಗೂ ಒಂದು ಗೆರೆ ಎಳೆದು, ಅದೇ ಜಾಗಕ್ಕೆ ಕೂರಿಸಿ. ಹೊಸ ಟೈರಿನ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಹಗುರದ ಕಡೆಯ ಗುರುತು, ವಾಲ್ವಿನ ಪಕ್ಕ ಬರಲಿ. ಹಬ್ಬಿನ ಮೈ ಒರೆಸಿ, ನಟ್ಟುಗಳನ್ನು ಎದುರುಬದರು ಬಿಗೀರಿ. ಓರೆಯಾಗಿ ಕೂತ ಚಕ್ರವನ್ನು ಯಾವ ತೂಕವೂ ಸರಿ ಮಾಡಲ್ಲ.

6. ಟ್ರ್ಯಾಕ್ಟರಿಗೆ ಈ ಚಿಂತೆ ಕಡಿಮೆ, ಅದರ ವೇಗವೇ ಕಡಿಮೆ. ಅದು ಕುಣಿದರೆ ಸಡಿಲ ಆಗಿರೋ ಭಾಗ ಹುಡುಕಿ. ಆದರೆ ಒಕ್ಕಣೆ ಯಂತ್ರದ ಡ್ರಮ್ಮು, ಮೇವು ಕತ್ತರಿಸೋ ಯಂತ್ರದ ಚಕ್ರಕ್ಕೆ ಇದೇ ನಿಯಮ. ಒಂದು ಹಲ್ಲು, ಒಂದು ಬ್ಲೇಡು ಬದಲಿಸಿದರೆ ಎದುರಿನದನ್ನೂ ಅದೇ ತೂಕದ್ದು ಹಾಕಿ. ಅಡುಗೆಮನೆ ತಕ್ಕಡಿ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ನಡುಕ ಇದ್ದರೆ ಪೇಟೆಯ ಯಂತ್ರಕ್ಕೆ ಕೊಡೋ ದುಡ್ಡು ದಂಡ ಅಲ್ಲ. ಓರೆ ಭಾರ ಹಿಡಿಯೋಕೆ ತಿರುಗಿಸಿ ನೋಡೋ ಯಂತ್ರವೇ ಬೇಕು. ಈ ಸೀಜನ್ನಿಗೆ ಲೋಡು ಶುರುವಾಗೋ ಮೊದಲೇ ಒಂದು ಬಕೆಟ್ ನೀರು, ಒಂದು ತುಂಡು ಸೀಮೆಸುಣ್ಣ ತಗೊಂಡು ನಿಮ್ಮ ಗಾಡಿಯ ನಾಲ್ಕೂ ಚಕ್ರದ ಒಳಮೈ ಒಮ್ಮೆ ನೋಡಿ. ರಾತ್ರಿ ಹೈವೇಯಲ್ಲಿ ಸ್ಟೇರಿಂಗ್ ಹಿಡಿದು ಕೂರೋದು ನಮ್ಮ ಮನೆ ಹುಡುಗರೇ.